ಎರಡು ಫೋನು, ಒಂದು ಸ್ಲೇಟು

ಅವರ ಬಲಗಿವಿಯ ಹಿಂಬದಿಯಲ್ಲಿ ಯಾವಾಗಲೂ ಮುದ್ರಣದ ಮಸಿಯ ಎರಡು ಬೊಟ್ಟುಗಳು ಇರುತ್ತಿದ್ದವು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಗಂಧವಿಟ್ಟು, ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು ಬರುತ್ತಿದ್ದವರ ಕಿವಿಯ ಹಿಂದೆ ಹತ್ತು ಗಂಟೆಯೊಳಗೆ ಆ ಕಪ್ಪು ಬೊಟ್ಟುಗಳು ಮೂಡಿಬಿಡುತ್ತಿದ್ದವು. ಒಂದು ತೋರುಬೆರಳಿನದು, ಇನ್ನೊಂದು ನಡುಬೆರಳಿನದು. ಅದನ್ನು ನಾನು ಅಜಾಗರೂಕತೆ ಎಂದು ತಿಳಿದಿದ್ದೆ. ತಪ್ಪು ಹಿಡಿಯುವುದರಲ್ಲಿ ಪಳಗಿದವನೆಂದು ಬೀಗುತ್ತಿದ್ದ ನಾನು ಕಣ್ಣೆದುರಿನ ಆ ಗುರುತನ್ನು ನಾಲ್ಕು ವರ್ಷಗಳ ಕಾಲ ತಪ್ಪಾಗಿಯೇ ಓದಿದೆ.

ಸಾಗರದ ಪೇಟೆಯ ಒಂದು ಅಡ್ಡರಸ್ತೆಯಲ್ಲಿ ಅವರದೊಂದು ಸಣ್ಣ ಮುದ್ರಣಾಲಯವಿತ್ತು. ಒಂದು ಟ್ರೆಡಲ್ ಯಂತ್ರ, ಅಚ್ಚುಮೊಳೆಗಳ ಕೆಲವು ಕೇಸುಗಳು, ಮೊಳೆ ಜೋಡಿಸಲು ಒಬ್ಬ ಕಂಪೋಸಿಟರ್ ಅಕ್ಕ, ಯಂತ್ರ ತುಳಿಯಲು ಒಬ್ಬರು, ಕರಡು ತಿದ್ದಲು ನಾನು. ಇಷ್ಟೇ ನಮ್ಮ ಸಂಸ್ಥೆ. ನಾವೆಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯರು.

ನಾನು ಅಲ್ಲಿಗೆ ಸೇರಿದ ಬಗೆಯನ್ನು ಹೇಳಿದರೆ ಅವರ ಸ್ವಭಾವವೂ ತಿಳಿಯುತ್ತದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ನಾನು ಆನಂದಪುರದ ಸಮೀಪದ ಒಂದು ಶಾಲೆಯಲ್ಲಿ ತಾತ್ಕಾಲಿಕ ಕನ್ನಡ ಅಧ್ಯಾಪಕನಾಗಿದ್ದೆ. ಬಂಧುಗಳೊಬ್ಬರ ಮದುವೆಯ ಕರೆಯೋಲೆ ಕೈಗೆ ಬಂತು. ಓದಿದೆ, ಸಹಿಸಲಾಗಲಿಲ್ಲ. ಕೆಂಪು ಶಾಯಿಯಲ್ಲಿ ಅದರ ತಪ್ಪುಗಳನ್ನೆಲ್ಲ ಗುರುತಿಸಿ, ಕೆಳಗೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿಬಿಟ್ಟೆ. ಮುಂದಿನ ವಾರ ಬಿಳಿ ಅಂಗಿಯ ಹಿರಿಯರೊಬ್ಬರು ಆ ಕರೆಯೋಲೆಯನ್ನೇ ಹಿಡಿದು ಶಾಲೆಯ ಜಗಲಿಯಲ್ಲಿ ನಿಂತಿದ್ದರು. ಜಗಳಕ್ಕೆ ಬಂದವರೆಂದು ನಾನು ಸಿದ್ಧನಾದೆ.

“ಮೇಷ್ಟ್ರೆ, ಹದಿನೇಳು ತಪ್ಪು ಹಿಡ್ದಿದ್ದೀರಿ. ಮಾರ್ಕ್ಸ್ ಮಾತ್ರ ಹಾಕ್ಲೇ ಇಲ್ವಲ್ಲ” ಎಂದರು.

ನನ್ನ ಹುದ್ದೆಯ ಅವಧಿ ಮುಗಿದ ತಿಂಗಳೇ ನಾನು ಅವರ ಮುದ್ರಣಾಲಯದ ಒಳಕೋಣೆಯಲ್ಲಿ ಕರಡು ತಿದ್ದಲು ಕುಳಿತೆ. ಶಾಲೆ ಬಿಟ್ಟರೂ ಅವರ ಬಾಯಲ್ಲಿ ನಾನು ಕೊನೆಯವರೆಗೂ ಮೇಷ್ಟ್ರಾಗಿಯೇ ಉಳಿದೆ.

ಹದಿನಾರನೆಯ ವಯಸ್ಸಿನಿಂದ ಮೊಳೆ ಜೋಡಿಸಿದ ಕೈ ಅವರದು. ಅಚ್ಚಿನ ಮೊಳೆಗಳಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿರುತ್ತವೆ. ಜೋಡಿಸುವವರು ಅವನ್ನು ತಲೆಕೆಳಗಾಗಿಯೂ ಓದಬೇಕಾಗುತ್ತದೆ. ಹೀಗಾಗಿ ಯಾರ ಕೈಯಲ್ಲಿನ ಕಾಗದವನ್ನಾದರೂ ಅವರು ಎದುರಿನಿಂದಲೇ, ತಲೆಕೆಳಗಾಗಿಯೇ, ನಾವು ನೇರವಾಗಿ ಓದುವುದಕ್ಕಿಂತ ಬೇಗ ಓದಿ ಮುಗಿಸುತ್ತಿದ್ದರು. ಯಾರೊಡನೆ ನಡೆದರೂ ಅವರ ಎಡಕ್ಕೇ ನಡೆಯುತ್ತಿದ್ದರು. ಹಿಂದಿನಿಂದ ಯಾರಾದರೂ ಕರೆದರೆ ತಿರುಗುತ್ತಿರಲಿಲ್ಲ. ಯಜಮಾನರಿಗೆ ಸ್ವಲ್ಪ ಬಿಗುಮಾನ ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು. ಮುದ್ರಣಾಲಯದ ಒಳಗಂತೂ ಟ್ರೆಡಲ್ಲಿನ ಸದ್ದಿನಿಂದಾಗಿ ಎಲ್ಲರೂ ಕೂಗಿಯೇ ಮಾತನಾಡುತ್ತಿದ್ದೆವು. ಅಲ್ಲಿ ಯಾರಿಗೆ ಎಷ್ಟು ಕೇಳಿಸುತ್ತದೆ ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಅವರ ದೊಡ್ಡ ಆಸೆ ದೂರವಾಣಿಯದಾಗಿತ್ತು. ಬಸ್ ನಿಲ್ದಾಣದ ಬಳಿಯ ಇನ್ನೊಂದು ಮುದ್ರಣಾಲಯಕ್ಕೆ ಫೋನು ಬಂದಮೇಲೆ ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲಸ ಒಂದೊಂದಾಗಿ ಅತ್ತ ಸರಿಯತೊಡಗಿತ್ತು. ಅಲ್ಲಿಯವರು ನಮ್ಮಲ್ಲಿ ಕರೆಯೋಲೆ ಮಾಡಿಸಬೇಕಾದರೆ ಒಮ್ಮೆ ಒಕ್ಕಣೆ ಕೊಡಲು, ಒಮ್ಮೆ ಕರಡು ನೋಡಲು, ಮತ್ತೊಮ್ಮೆ ಒಯ್ಯಲು ಬಸ್ಸಿನಲ್ಲಿ ಬರಬೇಕಿತ್ತು. ಫೋನು ಬಾರದಿದ್ದರೆ ಇನ್ನೆರಡು ಮದುವೆಯ ಕಾಲ ಕಳೆಯುವುದರೊಳಗೆ ಟ್ರೆಡಲ್ ನಿಲ್ಲಿಸಬೇಕಾಗುತ್ತದೆ ಎಂದು ಯಜಮಾನರು ನನ್ನೊಬ್ಬನ ಬಳಿ ಹೇಳಿದ್ದರು. ಅರ್ಜಿ ಹಾಕಿ ಕಾದೆವು. ನಾನು ಸೇರಿ ನಾಲ್ಕನೆಯ ವರ್ಷ ನಮ್ಮ ಸರದಿ ಬಂತು.

ಎಲ್ಲಿ, ಯಾವ ಬಗೆಯ ಉಪಕರಣ ಬೇಕೆಂದು ಕೇಳಲು ಲೈನ್‌ಮನ್ ಬಂದರು. ಮೇಜಿನ ಮೇಲೆ ಇಡುವುದುಂಟು, ಗೋಡೆಗೆ ಬಡಿಯುವುದುಂಟು, ಕಿವಿ ಮಂದವಾದವರಿಗೆ ಜೋರಾಗಿ ಕೇಳಿಸುವುದೂ ಒಂದುಂಟು. ಅದು ಬೇಕಾದರೆ ಮಾತ್ರ ಅರ್ಜಿಯಲ್ಲಿ ಕಾರಣ ಬರೆದುಕೊಡಬೇಕು ಎಂದು ಯಜಮಾನರ ಬಲಕ್ಕೆ ನಿಂತು ವಿವರಿಸಿದರು.

“ನಮ್ಮಲ್ಲಿ ಅಂಥವ್ರು ಯಾರೂ ಇಲ್ಲ” ಎಂದು ಯಜಮಾನರು ತಟ್ಟನೆ ಹೇಳಿದರು.

ನಾನು ಕ್ರಮಬದ್ಧವಾಗಿ ಆಲೋಚಿಸುವವನು. ಟ್ರೆಡಲ್ಲಿನ ಪಕ್ಕದಲ್ಲಿ ಫೋನು ಇಟ್ಟರೆ ಮಾತು ಕೇಳಿಸದು. ಒಳಕೋಣೆಯಲ್ಲಿ ನನ್ನ ಮೇಜಿನ ಮೇಲಿರುವುದು ಉಚಿತ ಎಂದು ಕಾರಣಸಹಿತ ಸೂಚಿಸಿದೆ. ಅವರು ಒಪ್ಪಲಿಲ್ಲ. “ಒಳಗಿಟ್ರೆ ಅದು ಮೇಷ್ಟ್ರ ಫೋನಾಗ್ತದೆ. ಯಜಮಾನನ ಫೋನು ಯಜಮಾನನ ಮೇಜಿನ ಮೇಲಿರ್ಬೇಕು” ಎಂದರು. ಮೇಜಿನ ಮೇಲಿಡುವ ಕಪ್ಪು ಉಪಕರಣವೇ ಬಂತು. ಅಕ್ಕ ಅದಕ್ಕೆ ಕುಂಕುಮವಿಟ್ಟರು. ಅಂದಿನಿಂದ ಯಜಮಾನರ ಎಡಗೈ ಸದಾ ಫೋನಿನ ಮೈಮೇಲೆಯೇ ಇರುತ್ತಿತ್ತು. ಹೊಸ ವಸ್ತುವಿನ ಮೇಲಿನ ಅಕ್ಕರೆ ಎಂದು ನಾವು ನಕ್ಕೆವು. ಗಂಟೆ ಬಾರಿಸಿದಾಗ ಅದರ ನಡುಕ ಅಂಗೈಗೆ ತಿಳಿಯಲೆಂದು ಅವರು ಹಾಗೆ ಇಟ್ಟುಕೊಳ್ಳುತ್ತಿದ್ದರು ಎಂಬುದು ನಮಗೆ ಹೊಳೆಯಲೇ ಇಲ್ಲ.

ಕರೆ ಬಂದಾಗ ಬಲಗೈ ಎತ್ತುವರು; ಟ್ರೆಡಲ್ ನಿಲ್ಲುವುದು. ಆಮೇಲೆ ಅವರು ಲೈನ್ ಸರಿಯಿಲ್ಲವೆಂದು ಹೇಳಿ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡು ಒಕ್ಕಣೆ ಬರೆದುಕೊಳ್ಳುವರು. ಸುತ್ತಲ ತಾಲ್ಲೂಕುಗಳ ಮನೆತನಗಳೆಲ್ಲ ಅವರಿಗೆ ಪರಿಚಿತವಾಗಿದ್ದುದರಿಂದ ಅರ್ಧ ಕೇಳಿ, ಅರ್ಧ ಊಹಿಸಿ ಹೇಗೋ ನಡೆಯಿತು.

ಆ ವರ್ಷದ ಮದುವೆಯ ಕಾಲದಲ್ಲಿ ಹೊಸನಗರದ ಕಡೆಯ ಒಂದು ಕೃಷಿಕರ ಮನೆಯವರು ಪೇಟೆಯ ಅಂಗಡಿಯೊಂದರಿಂದ ಟ್ರಂಕ್ ಕರೆ ಮಾಡಿ ಮಗಳ ಮದುವೆಯ ಒಕ್ಕಣೆ ಹೇಳಿದರು. ಯಜಮಾನರು ಬರೆದುಕೊಂಡರು, ಹೆಸರು, ದಿನ, ಮುಹೂರ್ತಗಳನ್ನು ಮರಳಿ ಓದಿ ಹೇಳಿದರು. ಹೆಸರಿನ ಹಿಂದಿನ ಗೌರವಾಕ್ಷರವನ್ನು ಯಾರೂ ಮರಳಿ ಓದುವುದಿಲ್ಲ. ಕರಡು ನನ್ನ ಬಳಿಗೆ ಬಂತು. ಇಂಥವರ ಮೊಮ್ಮಗಳೂ ಇಂಥವರ ಪುತ್ರಿಯೂ ಆದ ಚಿ|| ಸೌ|| ಎಂದು ಸಮುಚ್ಚಯದ ಊಕಾರಗಳು ಸರಿಯಾದ ಸ್ಥಾನದಲ್ಲಿದ್ದವು. ಒತ್ತಕ್ಷರ, ವಿರಾಮ, ವಿಭಕ್ತಿ ಯಾವುದರಲ್ಲಿಯೂ ಲೋಪವಿರಲಿಲ್ಲ. ನಾನು ಸಂತೋಷದಿಂದ ರುಜು ಹಾಕಿದೆ. ಕಟ್ಟು ಹೊಸನಗರದ ಬಸ್ಸಿನಲ್ಲಿ ಹೋಯಿತು.

ಎರಡು ದಿನಗಳ ಮೇಲೆ ಆ ಮನೆಯವರಿಂದ ಮತ್ತೆ ಕರೆ ಬಂತು. ಯಜಮಾನರು ಒಂದು ನಿಮಿಷ ಕೇಳಿಸಿಕೊಂಡು, ಮುಖವರಳಿಸಿ, “ಎಲ್ಲಾ ದೇವರ ದಯೆ” ಎಂದು ಹೇಳಿ ಫೋನು ಇಟ್ಟರು. ಕರೆಯೋಲೆ ತಲುಪಿತಂತೆ, ಬಹಳ ಸಂತೋಷಪಟ್ಟರು ಎಂದು ನಮಗೆಲ್ಲ ತಿಳಿಸಿದರು.

ಮರುದಿನದ ಮೊದಲ ಬಸ್ಸಿನಲ್ಲಿ ಕಟ್ಟು ಹಿಂದಿರುಗಿತು. ಮೇಲೊಂದು ಚೀಟಿಯಿತ್ತು, ವಧುವಿನ ತಂದೆ ಬರೆದದ್ದು. ಮನೆಯ ಹಿರಿಯರಾದ ನಮ್ಮ ತಂದೆಯವರನ್ನು ಕರೆಯೋಲೆಯಲ್ಲಿ ಸಾಯಿಸಿದ್ದೀರಿ ಎಂದು ಹೇಳಿದರೆ ಎಲ್ಲಾ ದೇವರ ದಯೆ ಎನ್ನುತ್ತೀರಲ್ಲ, ನೀವು ಮನುಷ್ಯರೇ ಎಂದು ಕೇಳಿದ್ದರು. ಕರೆಯೋಲೆ ತೆಗೆದು ನೋಡಿದೆ. ಅಜ್ಜನ ಹೆಸರಿನ ಹಿಂದೆ ‘ಶ್ರೀ’ ಇರಬೇಕಾದ ಕಡೆ ‘ದಿ||’ ಇತ್ತು. ದಿವಂಗತ.

ನಾನು ಚೀಟಿಯನ್ನು ಗಟ್ಟಿಯಾಗಿ ಓದಿದೆ. ಯಜಮಾನರು ಬಲಗೈಯ ಎರಡು ಬೆರಳುಗಳನ್ನು ಕಿವಿಯ ಹಿಂದಿಟ್ಟು, ಕಿವಿಯನ್ನು ನನ್ನತ್ತ ಬಾಗಿಸಿ ಕೇಳಿದರು. ನಮ್ಮೆದುರಿನಲ್ಲಿ ಅವರು ಎಂದೂ ಹಾಗೆ ಮಾಡಿರಲಿಲ್ಲ. ಕೈ ತೆಗೆದಾಗ ಎರಡು ಕಪ್ಪು ಬೊಟ್ಟುಗಳು ಅಲ್ಲಿಯೇ ಉಳಿದವು. ಆಗ ನನಗೆ ಎಲ್ಲವೂ ಅರ್ಥವಾಯಿತು. ಅಕ್ಕನಿಗೂ ಅರ್ಥವಾಗಿರಬೇಕು, ಆಕೆ ತಲೆ ತಗ್ಗಿಸಿ ಮೊಳೆಗಳ ಕೇಸಿನ ಕಡೆ ತಿರುಗಿಕೊಂಡರು.

ಯಜಮಾನರು ಆ ಕರೆಯೋಲೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಕ್ಕಣೆ ಸರಿಯಾಗಿತ್ತು, ತಿದ್ದುವಾಗ ನನ್ನಿಂದ ಪ್ರಮಾದವಾಯಿತು ಎಂದು ಕ್ಷಮಾಪಣೆಯ ಪತ್ರ ಬರೆಯುತ್ತೇನೆ ಎಂದು ನಾನು ಅವರ ಬಲಗಿವಿಯ ಬಳಿ ಬಾಗಿ ಹೇಳಿದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಇಕಾರ ದೀರ್ಘವೋ ಹ್ರಸ್ವವೋ ಎಂದು ನೋಡಿದ ನಾನು, ಆ ಮನುಷ್ಯ ಇದ್ದಾನೋ ಇಲ್ಲವೋ ಎಂದು ಕೇಳಿರಲಿಲ್ಲ.

“ಬೇಡ ಮೇಷ್ಟ್ರೆ. ಬಸ್ ಹತ್ತುವ” ಎಂದರು.

ಅಕ್ಕ ಆ ಸಾಲನ್ನು ತಿದ್ದಿ ಜೋಡಿಸಿದರು. ಮಧ್ಯಾಹ್ನದೊಳಗೆ ಹೊಸ ಕರೆಯೋಲೆಗಳು ಸಿದ್ಧವಾದವು. ಮಸಿ ಪೂರ್ತಿ ಒಣಗದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತರು.

ಅಜ್ಜ ಮನೆಯ ಜಗಲಿಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಪಕ್ಕದಲ್ಲಿ ಮೊಮ್ಮಗಳು, ಅಂದರೆ ವಧು, ವೀಳ್ಯದೆಲೆ ಒರೆಸುತ್ತಿದ್ದಳು. ಅವಳ ತಂದೆ ನಮ್ಮನ್ನು ಕಂಡವರೇ ಎದ್ದು ಒಳಗೆ ಹೋಗಲು ತಿರುಗಿದರು. ಯಜಮಾನರು ಕಟ್ಟನ್ನು ಕೆಳಗಿಟ್ಟು ಅಂಗಳದಲ್ಲಿಯೇ ನಿಂತು ಹೇಳಿದರು:

“ನಂಗೆ ಕಿವಿ ಕೇಳ್ಸಲ್ಲ. ನೀವು ಶ್ರೀ ಅಂದಿದ್ದು ನಂಗೆ ದಿ ಅಂತ ಕೇಳ್ತು.”

ಒಳಗೆ ಹೋಗುತ್ತಿದ್ದವರು ನಿಂತರು. ಅಜ್ಜ ಮಾತ್ರ ಮೊಮ್ಮಗಳ ಕಡೆ ನೋಡಿ, “ಎಂತ ಅಂದ್ರು?” ಎಂದು ಕೇಳಿದರು. ಕಿವಿಯ ಹಿಂದೆ ಕೈಯಿಟ್ಟುಕೊಂಡು.

ಹೀಗಾಗಿ ಯಜಮಾನರು ಆ ಮಾತನ್ನು ಎರಡನೆಯ ಸಲ, ಇಡೀ ಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಬೇಕಾಯಿತು. ವರ್ಷಗಟ್ಟಲೆ ಬಚ್ಚಿಟ್ಟದ್ದನ್ನು ಅವರು ಕೂಗಿ ಹೇಳಿದರು. ಒಳಗಿನಿಂದ ಹೆಂಗಸರು ಬಾಗಿಲಿಗೆ ಬಂದರು. ಅಜ್ಜನಿಗೆ ಆಗಲೂ ಕೇಳಿಸಲಿಲ್ಲ. ಮೊಮ್ಮಗಳು ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸಿದಳು. ಅಜ್ಜ ಓದಿದರು. ಅವರ ಹೊಟ್ಟೆ ಅಲುಗತೊಡಗಿತು, ನಗುತ್ತಿದ್ದರು.

“ನಾನು ಸತ್ತ ಸುದ್ದಿ ನಂಗೇ ಕಾಗ್ದ ಹಾಕಿ ತಿಳ್ಸಿದ್ರಲ್ಲ ಮಾರಾಯ್ರೆ. ಕೂತ್ಕಳಿ, ಕೂತ್ಕಳಿ. ಕಿವಿ ಹೋಗಿದ್ದಕ್ಕೆ ನಾಚ್ಕೆ ಎಂತಕ್ಕೆ? ನಂಗೆ ಇವ್ಳು ಬರ್ದು ತೋರಿಸ್ತಾಳೆ, ನಾನು ಮಾತಾಡ್ತೀನಿ. ಮಾತು ನಂದೇ ಅಲ್ವಾ?” ಸ್ವಲ್ಪ ತಡೆದು, ಮೊಮ್ಮಗಳ ಕಡೆ ನೋಡದೆ, “ಇವ್ಳು ಹೋದ್ಮೇಲೆ ಯಾರು ಬರೀತಾರೋ” ಎಂದರು.

ನಮಗೆ ಕಾಫಿ ಬಂತು. ವಧುವಿನ ತಂದೆಯೇ ತಂದುಕೊಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ಯಜಮಾನರು ನನ್ನನ್ನು ಬಲಕ್ಕೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಫೋನು ತೆಗೆಸಿಬಿಡಬೇಕೆಂದು ಬೆಳಿಗ್ಗೆ ನಿಶ್ಚಯಿಸಿದ್ದರಂತೆ. ಕಿವುಡನ ಮುದ್ರಣಾಲಯಕ್ಕೆ ಯಾರು ಒಕ್ಕಣೆ ಹೇಳುತ್ತಾರೆ ಎಂಬುದು ಅವರ ಅಂಜಿಕೆಯಾಗಿತ್ತು. ಈಗ ಆ ಅಜ್ಜನ ಮಾತು ತಲೆಯಲ್ಲಿ ಕುಳಿತಿತ್ತು. ಮುಂದೆ ಶಿವಮೊಗ್ಗದ ಕಿವಿಯ ವೈದ್ಯರು ವಿವರಿಸಿದಂತೆ, ಯಂತ್ರದ ಸದ್ದಿನಲ್ಲಿ ಬದುಕಿದವರ ಕಿವಿಯಿಂದ ಮೊದಲು ಜಾರುವುದು ತೆಳುವಾದ ಧ್ವನಿಗಳು: ಶ, ಷ, ಸ. ಕಪ್ಪು ಹಲಗೆಯ ಮೇಲೆ ಅವರ್ಗೀಯ ವ್ಯಂಜನಗಳೆಂದು ನಾನು ಎಷ್ಟೋ ಸಲ ಬರೆಸಿದ ಅಕ್ಷರಗಳು ಅವು. ‘ಶ್ರೀ’ಯಲ್ಲಿ ಶಕಾರ ಹೋದರೆ ಉಳಿಯುವುದು ಬರಿಯ ‘ರೀ’; ಅದಕ್ಕೂ ‘ದಿ’ಗೂ ಎಷ್ಟು ದೂರ?

ಲೈನ್‌ಮನ್‌ರನ್ನು ಮತ್ತೆ ಕರೆಸಿದೆವು. ಈ ಸಲ ಆಯ್ಕೆ ಯೋಚಿಸಿ ಮಾಡಿದ್ದು. ಜೋರಾಗಿ ಕೇಳಿಸುವ ಉಪಕರಣವನ್ನು ಯಜಮಾನರು ಬೇರೆಡೆ ಕಿವಿಗಿಟ್ಟು ನೋಡಿ ಬಂದಿದ್ದರು. ಅದು ಗದ್ದಲವನ್ನೂ ಜೋರು ಮಾಡುತ್ತದೆ ಎಂದರು. ಫೋನನ್ನು ನನಗೊಪ್ಪಿಸಿ ತಾವು ಮಾತು ಬಿಡಲು ಮನಸ್ಸಿರಲಿಲ್ಲ. ಉಳಿದದ್ದು ಒಂದೇ: ಅದೇ ತಂತಿಗೆ ಎರಡನೆಯ ಫೋನು, ಒಂದು ಎಕ್ಸ್‌ಟೆನ್ಷನ್. ಆದರೆ ಒಳಕೋಣೆಯಲ್ಲಿ ಅಲ್ಲ. ಅವರ ಮೇಜಿನ ಮೇಲೆಯೇ, ಎದುರು ಬದಿಯಲ್ಲಿ. ಒಂದೇ ಮೇಜಿನ ಮೇಲೆ ಎರಡು ಫೋನು ಯಾರಾದರೂ ಇಡಿಸುತ್ತಾರೆಯೇ ಎಂದು ಲೈನ್‌ಮನ್ ಬೆರಗಾದರು. ಅರ್ಜಿಯಲ್ಲಿ ಕಾರಣದ ಅಂಕಣವಿತ್ತು. ನಾನು ‘ಯಂತ್ರದ ಶಬ್ದಬಾಹುಳ್ಯದ ನಿಮಿತ್ತ’ ಎಂದು ಬರೆದಿದ್ದೆ. ಯಜಮಾನರು ಎದುರಿನಿಂದಲೇ ತಲೆಕೆಳಗಾಗಿ ಓದಿ, ಲೇಖನಿ ಕಸಿದುಕೊಂಡು, ಅದನ್ನು ಹೊಡೆದುಹಾಕಿ ‘ಮಾಲೀಕನಿಗೆ ಕಿವಿ ಮಂದ’ ಎಂದು ಬರೆದರು. ನನ್ನ ವಾಕ್ಯಕ್ಕಿಂತ ಅದು ಚಿಕ್ಕದು. ವ್ಯಾಕರಣದಲ್ಲಿ ತಪ್ಪಿರಲಿಲ್ಲ.

ನಾನು ಮನೆಯಿಂದ ನನ್ನ ಹಳೆಯ ಸ್ಲೇಟು ತಂದೆ. ಗಂಟೆ ಬಾರಿಸಿದಾಗ ಇಬ್ಬರೂ ಒಟ್ಟಿಗೆ ಎತ್ತುತ್ತಿದ್ದೆವು. ನಾನು ಕೇಳಿ ಸ್ಲೇಟಿನ ಮೇಲೆ ಬರೆಯುತ್ತಿದ್ದೆ. ಅವರು ಎದುರು ಕುಳಿತು ತಲೆಕೆಳಗಾಗಿಯೇ ಓದಿ ಉತ್ತರಿಸುತ್ತಿದ್ದರು. ಸ್ಲೇಟು ತಿರುಗಿಸುವ ಅಗತ್ಯವೇ ಇರಲಿಲ್ಲ; ಹದಿನಾರನೆಯ ವಯಸ್ಸಿನಿಂದ ಜೋಡಿಸಿದ ಮೊಳೆಗಳು ಅವರಿಗೆ ಆ ಕಣ್ಣು ಕೊಟ್ಟಿದ್ದವು. ಕಷ್ಟವಾದದ್ದು ನನಗೆ. ಕರ್ತೃ, ಕರ್ಮ, ಕ್ರಿಯಾಪದಗಳಿಲ್ಲದೆ ನಾನು ಎಂದೂ ಬರೆದವನಲ್ಲ. ಮೊದಲ ದಿನ ತೀರ್ಥಹಳ್ಳಿಯ ಗಿರಾಕಿಯೊಬ್ಬರು ಹೇಳಿದ್ದನ್ನೆಲ್ಲ ಪೂರ್ಣವಾಕ್ಯದಲ್ಲಿ ಬರೆಯುತ್ತ ಕುಳಿತೆ.

“ಮೇಷ್ಟ್ರೆ, ವಿಭಕ್ತಿ ಪ್ರತ್ಯಯ ಆಮೇಲೆ ಹಚ್ಚಿ. ಅವ್ರು ಫೋನ್ ಇಟ್ಟೇಬಿಟ್ರು” ಎಂದರು ಯಜಮಾನರು. ಅಕ್ಕ ಮೊಳೆಗಳ ಕೇಸಿನ ಹಿಂದೆ ನಕ್ಕದ್ದು ನನಗೆ ಕೇಳಿಸಿತು.

ಕಲಿತೆ. ‘ಮದುವೆ. ಮುನ್ನೂರು. ಹಳದಿ ಕಾರ್ಡು. ಅಜ್ಜ ಇದ್ದಾರೆ.’ ಹೀಗೆ ಬರೆಯುವುದನ್ನು ಮೂವತ್ತು ದಾಟಿದ ಮೇಲೆ ಕಲಿತೆ. ಕೊನೆಯ ಎರಡು ಪದಗಳು ಪ್ರತಿ ಒಕ್ಕಣೆಗೂ ಕಡ್ಡಾಯವಾದವು. ಬರೆದು ಓದುವ ನಡುವಿನ ಮೌನವನ್ನು ಅತ್ತ ಕಡೆಯವರು ಬೇರೆಯಾಗಿ ತಿಳಿದರು. ಸಾಗರದ ಯಜಮಾನರು ತೂಗಿನೋಡಿ ಮಾತನಾಡುವವರು ಎಂಬ ಹೆಸರು ಹೊಸನಗರ, ತೀರ್ಥಹಳ್ಳಿಗಳಲ್ಲಿ ಹಬ್ಬಿತು. ಅಲ್ಲಿಯ ಕೆಲಸ ಹಿಂದಿರುಗಿತು. ಟ್ರೆಡಲ್ ನಿಲ್ಲಲಿಲ್ಲ.

ಇನ್ನೊಂದು ಪದ್ಧತಿಯನ್ನೂ ಅವರು ತಂದರು. ಪದೇ ಪದೇ ಬೇಕಾಗುವ ಚಿ||, ಸೌ||, ದಿ|| ಇವುಗಳ ಮೊಳೆಗಳನ್ನು ಅಕ್ಕ ಮೊದಲೇ ಜೋಡಿಸಿ ದಾರ ಕಟ್ಟಿ ಇಟ್ಟುಕೊಳ್ಳುತ್ತಿದ್ದರು. ಅವುಗಳಲ್ಲಿ ‘ದಿ||’ಗಳನ್ನು ಮಾತ್ರ ಯಜಮಾನರು ಒಂದು ತಗಡಿನ ಡಬ್ಬಿಗೆ ಹಾಕಿ ಫೋನಿನ ಪಕ್ಕದಲ್ಲಿ ಇರಿಸಿಕೊಂಡರು. ಬೇಕಾದಾಗ ಅಕ್ಕ ಬಂದು ಕೇಳಬೇಕು. ಕೊಡುವ ಮುನ್ನ ಗಿರಾಕಿಗೋ ಅವರು ಕರೆ ಮಾಡಿದ ಅಂಗಡಿಗೋ ಫೋನು ಮಾಡಿ ಅವರಿದ್ದಾರೋ ಇಲ್ಲವೋ ಎಂದು ವಿಚಾರಿಸಬೇಕು. ಹೀಗೆ ಕೇಳಿಸಿಕೊಂಡು ಕೆಲವರು ಸಿಟ್ಟಾದದ್ದೂ ಉಂಟು. ಯಜಮಾನರು ಬಿಡಲಿಲ್ಲ. ನಾನು ಕರಡಿನಲ್ಲಿ ತಪ್ಪು ಹಿಡಿದು ಗೆದ್ದವನಂತೆ ಅವರೆದುರು ಹಿಡಿದಾಗಲೆಲ್ಲ, ಅವರು ಕನ್ನಡಕದ ಮೇಲಿನಿಂದ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಬಸ್ ಹತ್ತುವಂಥದ್ದಾ?” ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸಕ್ಕೆ ಬಸ್ ಹತ್ತಬೇಕಾಗಿಲ್ಲ ಎಂದು ನಾನು ಒಪ್ಪಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ. ಒಪ್ಪಿದ ಮೇಲೆ, ಆದರೂ ತಿದ್ದಿ ಎನ್ನುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ಒಂದು ವಾರದ ಮಟ್ಟಿಗೆ ತೀರ್ಥಹಳ್ಳಿಯ ಮಗಳ ಮನೆಗೆ ಹೋದರು. ನಾಲ್ಕನೆಯ ಬೆಳಿಗ್ಗೆ ಎರಡು ಫೋನುಗಳೂ ಒಟ್ಟಿಗೆ ಗಂಟೆ ಬಾರಿಸಿದವು. ನಾನು ನನ್ನದನ್ನು ಎತ್ತಿದೆ. ಮಗಳು ಮಾತನಾಡುತ್ತಿದ್ದರು. ನನ್ನ ಬಲಗೈ ಎಂದಿನಂತೆ ಬಳಪ ಹಿಡಿದು, ಎದುರಿನ ಖಾಲಿ ಕುರ್ಚಿಗಾಗಿ ಬರೆಯುತ್ತ ಹೋಯಿತು: ‘ತೀರ್ಥಹಳ್ಳಿ. ಮಗಳು. ನಿದ್ದೆಯಲ್ಲೇ.’ ಅಲ್ಲಿಗೆ ಕೈ ನಿಂತಿತು.

ಉತ್ತರಕ್ರಿಯೆಯ ಪತ್ರಿಕೆ ನಮ್ಮಲ್ಲಿಯೇ ಅಚ್ಚಾಗಬೇಕಿತ್ತು. ಅಕ್ಕ ಉಳಿದದ್ದನ್ನೆಲ್ಲ ಜೋಡಿಸಿ, ಬರಿಗೈಯಲ್ಲಿ ನನ್ನೆದುರು ಬಂದು ನಿಂತರು. ಡಬ್ಬಿ ಫೋನಿನ ಪಕ್ಕದಲ್ಲಿತ್ತು.

“ಕೇಳ್ಬೇಕಲ್ಲ ಮೇಷ್ಟ್ರೆ” ಎಂದರು. “ಅವ್ರು ಮಾಡಿದ ನಿಯಮ.”

ತೀರ್ಥಹಳ್ಳಿಗೆ ಕರೆ ಹಾಕಿದೆ. ಮಗಳೇ ಎತ್ತಿಕೊಂಡರು. ಆ ಪ್ರಶ್ನೆಯನ್ನು ಎಷ್ಟೋ ಮನೆಗಳಿಗೆ ಕೇಳಿದ್ದ ನನಗೆ ಅಂದು ಬಾಯಿ ಬರಲಿಲ್ಲ. ಹೆಸರನ್ನು ಹೇಗೆ ಅಚ್ಚು ಮಾಡುವುದು ಎಂದು ಏನೋ ತೊದಲಿದೆ. ಮುದ್ರಣಾಲಯದಲ್ಲಿ ಆಡಿ ಬೆಳೆದವರು ಅವರು. ನಾನು ಕೇಳದಿದ್ದುದು ಅವರಿಗೆ ಕೇಳಿಸಿತು.

“ಡಬ್ಬಿ ತೆಗೀರಿ ಮೇಷ್ಟ್ರೆ” ಎಂದರು.

ಮುಚ್ಚಳದ ಮೇಲೆ ಮಸಿಯ ಎರಡು ಬೊಟ್ಟುಗಳಿದ್ದವು. ತೆಗೆದು, ದಾರ ಕಟ್ಟಿದ ಒಂದನ್ನು ಅಕ್ಕನ ಅಂಗೈಯಲ್ಲಿ ಇಟ್ಟೆ.

ಕರಡು ಬಂತು. ನೇರವಾಗಿ ಓದಿದೆ. ಕೊನೆಯಿಂದ ಮೊದಲಿಗೆ ಓದಿದೆ. ಮೇಜಿನ ಆ ಬದಿಗೆ ಹೋಗಿ, ಅವರ ಕುರ್ಚಿಯ ಪಕ್ಕದಲ್ಲಿ ನಿಂತು, ತಲೆಕೆಳಗಾಗಿಯೂ ಓದಿದೆ. ನನ್ನ ಜೀವಮಾನದಲ್ಲಿ ಆ ಒಂದು ಸಲ ಮಾತ್ರ ನಾನು ತಪ್ಪು ಇರಲಿ ಎಂದು ಬಯಸಿ ಹುಡುಕಿದೆ. ಬಸ್ ಹತ್ತುವಂಥದ್ದು, ಹೆಸರಿನ ಹಿಂದೆ, ಒಂದೇ ಒಂದು. ಇರಲಿಲ್ಲ. ರುಜು ಹಾಕಿದೆ.